ಕ್ಯಾಪ್ಟನ್ ರೇನ್ಸ್‌ಫರ್ಡ್‌ನ ಕಾಗದಗಳು

ನನ್ನ ಅಕ್ಕ ಟ್ಯಾಮ್ಸಿನ್‌ಗೆ ಹನ್ನೊಂದು ವರ್ಷವಾಗಿದ್ದಾಗ ಸಿಡುಬು ಎದ್ದಿತ್ತು. ಅದೇ ವಾರ ಅದೇ ರೋಗದಲ್ಲಿ ನಮ್ಮ ಅಮ್ಮ ತೀರಿಕೊಂಡಳು. ಅಕ್ಕ ಬದುಕಿಕೊಂಡಳು, ಮುಖದ ತುಂಬ ಕಲೆ ಉಳಿಯಿತು. ನನಗಾಗ ಮೂರು ವರ್ಷ. ಅಮ್ಮನ ಮುಖ ನನಗೆ ನೆನಪಿಲ್ಲ, ಕಲೆಯಿಲ್ಲದ ಅಕ್ಕನ ಮುಖವೂ ನೆನಪಿಲ್ಲ. ಬೆಳೆದ ಮೇಲೆ ಅಕ್ಕ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಳು: ತನ್ನನ್ನು ಯಾರೂ ಕೇಳಿಕೊಂಡು ಬರುವುದಿಲ್ಲ, ಬರಲಿ ಎಂದು ಕಾಯುವುದೂ ಬೇಡ. ಇದನ್ನು ಅವಳು ಅಳುತ್ತ ಹೇಳುತ್ತಿರಲಿಲ್ಲ. ನಾಳೆ ರೊಟ್ಟಿ ಸುಡುವ ದಿನ ಎಂದು ಹೇಳಿದ ಹಾಗೆ ಹೇಳುತ್ತಿದ್ದಳು.

ಟಾಪ್‌ಶಮ್‌ನಲ್ಲಿ ನದಿಗೆ ಬೆನ್ನು ಮಾಡಿ ನಿಂತಿದ್ದ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಶಾಲೆ. ನಲವತ್ತು ವರ್ಷ ಅವರು ಹಡಗಿನವರ ಮಕ್ಕಳಿಗೆ ಲ್ಯಾಟಿನ್ ಕಲಿಸಿದರು. ಕಲಿತವರು ಕಡಿಮೆ, ಪೆಟ್ಟು ತಿಂದವರು ಇನ್ನೂ ಕಡಿಮೆ. ಅಪ್ಪನ ಬೈಗುಳವೇ ಸಾಕಾಗುತ್ತಿತ್ತು. ಅವರಿಗೆ ಎರಡು ವರ್ಷ ಸಹಾಯಕನಾಗಿದ್ದವನು ಜ್ಯಾಸ್ಪರ್ ಲೈಡ್. ಉದ್ದನೆಯ, ತೆಳ್ಳನೆಯ ಮನುಷ್ಯ. ಮಾತು ಕಡಿಮೆ. ಆದರೆ ನಮ್ಮಕ್ಕ ಬಾಡಿಗೆ ಪುಸ್ತಕದ ಅಂಗಡಿಯಿಂದ ಕಾದಂಬರಿ ತಂದು ಸಂಜೆ ಗಟ್ಟಿಯಾಗಿ ಓದುವಾಗ ಅವನು ಮೂಲೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದ. ಆಗೆಲ್ಲ ಕಾದಂಬರಿ ಎಂದರೆ ಕಾಗದಗಳಲ್ಲೇ ಬರೆದದ್ದು. ನಾಯಕಿ ಗೆಳತಿಗೆ ಬರೆಯುವ ಕಾಗದ, ನಾಯಕ ನಾಯಕಿಗೆ ಬರೆಯುವ ಕಾಗದ, ದುಷ್ಟ ಇನ್ನೊಬ್ಬ ದುಷ್ಟನಿಗೆ ಬರೆಯುವ ಕಾಗದ. ನಮ್ಮ ಅಡುಗೆಯ ಮುದುಕಿ ಪೆಗ್ಗಿಗೆ ಓದಲು ಬಾರದು, ಕೇಳಲು ಮಾತ್ರ ಬಾಣಲೆ ಇಳಿಸಿಟ್ಟು ಬರುತ್ತಿದ್ದಳು. ಒಮ್ಮೆ ನಾಯಕಿಯನ್ನು ಯಾರೋ ಕುದುರೆಗಾಡಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು, ಅವಳು ಗಾಡಿಯೊಳಗಿಂದಲೇ ಹನ್ನೆರಡು ಪುಟ ಬರೆದಿದ್ದಳು.

"ಆ ಹುಡುಗಿಗೆ ಶಾಯಿ ಯಾರು ಹಿಡ್ಕೊಂಡಿದ್ರು? ಕಳ್ಳನೇ ಹಿಡ್ಕೊಂಡಿದ್ನಾ?" ಎಂದು ಪೆಗ್ಗಿ ಕೇಳಿದಳು.

ಇದಕ್ಕಿಂತ ಚೆನ್ನಾಗಿ ನಾನೇ ಬರೆಯುತ್ತೇನೆ ಎಂದು ಅಕ್ಕ ಆ ದಿನ ಅಂದಳು. ಕಾಗದಕ್ಕೆ ಉತ್ತರ ಬರೆಯುವವರು ಬೇಕಲ್ಲ ಎಂದು ಜ್ಯಾಸ್ಪರ್ ಅಂದ. ಅದು ಅಲ್ಲಿಗೇ ನಿಂತಿತ್ತು. ಆಮೇಲೆ ಶಾಲೆಗೆ ಹುಡುಗರು ಕಡಿಮೆಯಾದರು, ಸಹಾಯಕನನ್ನು ಇಟ್ಟುಕೊಳ್ಳುವುದು ಅಪ್ಪನಿಗೆ ಆಗಲಿಲ್ಲ. ಜ್ಯಾಸ್ಪರ್‌ಗೆ ನಾರ್ಥಂಬರ್ಲೆಂಡ್‌ನ ಒಂದು ಹಳ್ಳಿಯಲ್ಲಿ ಕಿರಿಯ ಪಾದ್ರಿಯ ಕೆಲಸ ಸಿಕ್ಕಿತು. ದೇಶದ ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಅವನು. ಹೊರಡುವ ಮುನ್ನ ಅವನು ಅಪ್ಪನ ಮುಂದೆ ನಿಂತು, ಆ ಕಾದಂಬರಿಯನ್ನು ನಾನೂ ಟ್ಯಾಮ್ಸಿನ್ ಅವರೂ ಅಂಚೆಯಲ್ಲಿ ಬರೆಯಬಹುದೇ ಎಂದು ಕೇಳಿದ.

ಕೇಳಲೇಬೇಕಿತ್ತು. ನಿಶ್ಚಿತಾರ್ಥವಾಗದ ಗಂಡು ಹೆಣ್ಣು ಕಾಗದ ಬರೆದುಕೊಂಡರೆ ಊರು ಎರಡು ದಿನ ಸುಮ್ಮನಿರುತ್ತದೆ, ಮೂರನೆಯ ದಿನ ಮದುವೆ ಯಾವಾಗ ಎನ್ನುತ್ತದೆ. ಅಪ್ಪ ಯೋಚಿಸಿ ಒಪ್ಪಿದರು. ಕಾಗದಗಳು ತಮ್ಮ ಹೆಸರಿಗೆ ಬರಬೇಕು, ಊಟದ ಮೇಜಿನಲ್ಲಿ ಎಲ್ಲರ ಮುಂದೆ ತಾವೇ ಓದಬೇಕು, ವ್ಯಾಕರಣ ತಪ್ಪಿದರೆ ತಿದ್ದುವ ಹಕ್ಕು ತಮಗಿರಬೇಕು. ಮೂರೂ ಷರತ್ತಿಗೆ ಇಬ್ಬರೂ ತಲೆಯಾಡಿಸಿದರು.

ನಾಯಕನ ಪಾಲು ಜ್ಯಾಸ್ಪರ್‌ನದು. ಕ್ಯಾಪ್ಟನ್ ರೇನ್ಸ್‌ಫರ್ಡ್ ಎಂಬ ಬಡ ಸೈನಿಕ, ಯುದ್ಧ ಮುಗಿದು ಕೈ ಖಾಲಿಯಾದವನು. ಮೆಲಿಸೆಂಟ್ ಎಂಬ ಶ್ರೀಮಂತರ ಮನೆಯ ಹುಡುಗಿ ನಮ್ಮಕ್ಕನ ಪಾಲು. ಮೊದಲ ಕಾಗದ ಕ್ಯಾಪ್ಟನ್‌ನದು. ಅದು ಬಂದ ದಿನ ಅಪ್ಪ ಮೂಗು ಮುರಿಯುತ್ತ ಓದಿದರು. ಕಾದಂಬರಿ ಓದುವುದು ಬುದ್ಧಿಗೆ ಹಿಡಿಯುವ ಗೆದ್ದಲು ಎಂದು ಶಾಲೆಯಲ್ಲಿ ಹೇಳುತ್ತಿದ್ದ ಮನುಷ್ಯ. ಐದನೆಯ ಕಾಗದದ ಹೊತ್ತಿಗೆ ಅಂಚೆ ಬರುವ ದಿನ ಹುಡುಗರಿಗೆ ಲೆಕ್ಕ ಕೊಟ್ಟು ತಾವು ಕಿಟಕಿಯ ಬಳಿ ನಿಲ್ಲತೊಡಗಿದ್ದರು. ಒಂದು ಕಾಗದ ಹೋಗಲು ಏಳು ದಿನ, ಉತ್ತರ ಬರಲು ಏಳು ದಿನ. ಹೊಸ ಅಂಚೆ ಗಾಡಿಗಳು ಬಂದ ಮೇಲೂ ಅಷ್ಟು ಬೇಕಾಗುತ್ತಿತ್ತು. ಒಂದೂವರೆ ವರ್ಷ ಹೀಗೇ ನಡೆಯಿತು. ಮೆಲಿಸೆಂಟ್‌ಳ ಚಿಕ್ಕಪ್ಪನ ಮೇಲೆ ಪೆಗ್ಗಿಗೆ ನಿಜವಾದ ಕೋಪ ಬಂದಿತ್ತು. ಅವನಿಗೆ ಸಂಧಿವಾತ ಬರಿಸು ಎಂದು ಅಕ್ಕನಿಗೆ ದುಂಬಾಲು ಬಿದ್ದು ಬರಿಸಿದಳು.

ಮೂವತ್ತೊಂದನೆಯ ಕಾಗದದಲ್ಲಿ ಒಂದು ಸಂಗತಿ ನಡೆಯಿತು. ಕ್ಯಾಪ್ಟನ್ ಮೆಲಿಸೆಂಟ್‌ಳನ್ನು ನೆನೆಯುತ್ತ, ನಿನ್ನ ಎಡ ಹುಬ್ಬಿನ ಕೆಳಗೆ ಬಟಾಣಿಯಷ್ಟು ಅಗಲದ ಕಲೆ ಇದೆಯಲ್ಲ, ನೀನು ನಗುವಾಗ ಅದು ಮೊದಲು ನಗುತ್ತದೆ, ಆಮೇಲೆ ಉಳಿದ ಮುಖ ನಗುತ್ತದೆ ಎಂದು ಬರೆದಿದ್ದ. ಅಪ್ಪ ಓದುವುದನ್ನು ನಿಲ್ಲಿಸಿ ಕನ್ನಡಕ ಹಣೆಗೇರಿಸಿದರು.

"ಮೂರನೇ ಕಾಗದದಲ್ಲಿ ಇವಳ ಮುಖ ಹಾಲಿನ ಕೆನೆ ಹಾಗಿತ್ತು. ಈಗ ಕಲೆ ಎಲ್ಲಿಂದ ಬಂತು? ಬರಿ ಅವನಿಗೆ, ಎರಡರಲ್ಲಿ ಒಂದು ಇಟ್ಕೋ ಅಂತ."

ಅಕ್ಕ ತಟ್ಟೆಯ ಮೇಲಿಂದ ತಲೆ ಎತ್ತಲಿಲ್ಲ. ಬಟಾಣಿಯಷ್ಟು ಅಗಲದ ಕಲೆ ಅವಳ ಎಡ ಹುಬ್ಬಿನ ಕೆಳಗೇ ಇತ್ತು. ಬರೆಯುತ್ತೇನೆ ಅಪ್ಪ ಎಂದಳು, ಬರೆಯಲಿಲ್ಲ. ಅವಳ ಮುಂದಿನ ಕಾಗದದಲ್ಲಿ ಮೆಲಿಸೆಂಟ್ ಕಲೆಯ ಮಾತೇ ಎತ್ತಲಿಲ್ಲ, ಆದರೆ ಆ ಕಾಗದ ಮೊದಲಿನ ಯಾವುದರ ಹಾಗೂ ಇರಲಿಲ್ಲ. ಅಲಂಕಾರವೆಲ್ಲ ಉದುರಿಹೋಗಿತ್ತು. ನದಿಯ ಉಬ್ಬರ ಇಳಿದಾಗ ಕೆಸರಿನ ಮೇಲೆ ಹಕ್ಕಿಗಳು ನಡೆಯುವುದನ್ನು ನೋಡುತ್ತ ನಿನ್ನ ನೆನಪು ಮಾಡಿಕೊಂಡೆ ಎಂದಿತ್ತು. ಶ್ರೀಮಂತರ ಹುಡುಗಿಯ ಬಂಗಲೆಯ ಮುಂದೆ ನದಿಯೇ ಇರಲಿಲ್ಲ. ಅಪ್ಪ ಅದನ್ನು ತಿದ್ದದೆ ಕಳಿಸಿದರು.

ಆ ದಿನ ನಾನು ಅಕ್ಕನನ್ನು ನೇರವಾಗಿ ಕೇಳಿದೆ. ಹುಚ್ಚಿ, ಅದು ಕಥೆ ಎಂದಳು. ಕಥೆಯಾದರೆ ನೀನೇಕೆ ಕಾಗದವನ್ನು ಬಟ್ಟೆಯ ಪೆಟ್ಟಿಗೆಯ ಅಡಿಯಲ್ಲಿ ಇಡುತ್ತೀಯ ಎಂದೆ. ಅದಕ್ಕೆ ಅವಳು ಬಟಾಣಿ ಸುಲಿಯಲು ನನ್ನನ್ನು ಕೂರಿಸಿದಳು.

ಮರುವರ್ಷ ಫೆಬ್ರವರಿಯಲ್ಲಿ ಚಡ್ಲೀ ಅವರು ಅಕ್ಕನನ್ನು ಕೇಳಿಕೊಂಡು ಬಂದರು. ಬಂದರಿನಲ್ಲಿ ಹಡಗಿನ ಹಗ್ಗ, ಡಾಂಬರು ಮಾರುವವರು. ಜ್ಯಾಸ್ಪರ್ ಹೋದ ಮೇಲೆ ನಮ್ಮೂರಿಗೆ ಬಂದು ನೆಲೆಸಿದವರು. ಹೆಂಡತಿ ಸತ್ತು ವರ್ಷ ತುಂಬಿತ್ತು, ಮೂರು ಮಕ್ಕಳು. ಒಳ್ಳೆಯ ಮನುಷ್ಯ, ಯಾರೂ ಕೆಟ್ಟ ಮಾತು ಹೇಳಿದ್ದಿಲ್ಲ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಈಸ್ಟರ್ ತನಕ ಯೋಚಿಸಿ, ಅವಸರವಿಲ್ಲ ಎಂದರು. ಅಪ್ಪ ಅಕ್ಕನಿಗೇ ಬಿಟ್ಟರು. ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ಹದಿನಾರು ವರ್ಷ ನಂಬಿದ್ದವಳನ್ನು ಒಬ್ಬರು ಕೇಳಿದ್ದರು. ಅವಳು ಸಂತೋಷಪಡಲಿಲ್ಲ, ಕಂಗಾಲಾದಳು.

ನಲವತ್ತೆಂಟನೆಯ ಕಾಗದವನ್ನು ಅವಳು ನಾಲ್ಕು ಸಲ ಬರೆದು ಹರಿದಳು. ಕೊನೆಗೆ ಮೆಲಿಸೆಂಟ್ ಹೀಗೆ ಕೇಳಿದಳು: ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗೌರವಸ್ಥ ಜಮೀನ್ದಾರರು ನನ್ನ ಕೈ ಕೇಳಿದ್ದಾರೆ, ಅವರಲ್ಲಿ ಕೊರತೆ ಎನ್ನುವಂಥದ್ದೇನೂ ಇಲ್ಲ, ಕ್ಯಾಪ್ಟನ್ ರೇನ್ಸ್‌ಫರ್ಡ್ ಏನು ಹೇಳುತ್ತೀರಿ? ಡಾಂಬರಿನ ಅಂಗಡಿ ಜಮೀನಾಗಿತ್ತು, ಉಳಿದದ್ದೆಲ್ಲ ನಿಜ. ಅವನಿಗೆ ಅರ್ಥವಾಗದೇ ಇರುವುದಿಲ್ಲ, ಅವನು ಓದಲು ಬಲ್ಲವನು ಎಂದು ಅಕ್ಕ ನನಗೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು.

ಉತ್ತರ ಬಂದಾಗ ಈಸ್ಟರ್‌ಗೆ ಮೂರು ವಾರವಿತ್ತು. ಅಪ್ಪ ಎಂದಿನಂತೆ ಮೇಜಿನಲ್ಲಿ ಓದಿದರು. ಕ್ಯಾಪ್ಟನ್ ತುಂಬ ಸುಂದರವಾಗಿ ಬರೆದಿದ್ದ. ಆ ಜಮೀನ್ದಾರರನ್ನು ಮದುವೆಯಾಗು, ಕೈಯಲ್ಲಿ ಏನೂ ಇಲ್ಲದವನು ನಿನ್ನ ದಾರಿಗೆ ಅಡ್ಡ ನಿಲ್ಲುವುದು ಪ್ರೀತಿಯಲ್ಲ, ನಾನು ನನ್ನ ಪಡೆಗೆ ಮರಳುತ್ತೇನೆ, ಇನ್ನು ಬರೆಯುವುದಿಲ್ಲ. ಪೆಗ್ಗಿ ಏಪ್ರನ್‌ನಿಂದ ಮೂಗು ಒರೆಸಿಕೊಂಡಳು. ಅಪ್ಪ ಕಾಗದವನ್ನು ಮಡಿಸಿದರು, ಬಿಡಿಸಿದರು, ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ತುಂಬ ಚೆನ್ನಾಗಿ ಬರೆದಿದ್ದಾರೆ ಎಂದು ಅಕ್ಕ ಹೇಳಿ ಎದ್ದು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆ ಮೂರು ವಾರ ಮನೆಯಲ್ಲಿ ಸೂತಕದ ಹಾಗಿತ್ತು. ಚಡ್ಲೀ ಅವರಿಗೆ ಒಪ್ಪಿಗೆ ಹೇಳುವುದೆಂದು ಅಕ್ಕ ಮನಸ್ಸು ಮಾಡಿದಳು. ಆದರೆ ಕಾದಂಬರಿ ಅರ್ಧಕ್ಕೆ ನಿಲ್ಲಬಾರದಲ್ಲ, ಮೆಲಿಸೆಂಟ್ ಜಮೀನ್ದಾರರಿಗೆ ಒಪ್ಪಿಗೆ ಕೊಡುವ ಕಾಗದವನ್ನು ಮೊದಲು ಬರೆದು ಮುಗಿಸುತ್ತೇನೆ ಎಂದು ಕೂತಳು. ದಿನವೂ ಕೂತಳು. 'ತಮ್ಮ ಔದಾರ್ಯಕ್ಕೆ ಋಣಿ' ಎಂದು ಬರೆಯುವಳು, ಹೊಡೆದುಹಾಕುವಳು. 'ಸಂತೋಷದಿಂದ' ಎಂದು ಬರೆಯುವಳು, ಗರಿ ಲೇಖನಿಯ ತುದಿ ಮುರಿಯುವಳು. ಈಸ್ಟರ್‌ನ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅವಳು ಲೇಖನಿ ಕೆಳಗಿಟ್ಟು ನನ್ನನ್ನು ಕರೆದಳು.

"ಹೆಸ್ಟರ್, ಇದು ಸುಳ್ಳು ಸುಳ್ಳಾಗೇ ಬರ್ತಿದೆ ಕಣೇ. ಕಥೇಲಿ ಬರೆಯಕ್ಕಾಗ್ದೇ ಇರೋದನ್ನ ಬಾಯಲ್ಲಿ ಹೇಗೆ ಹೇಳ್ಲಿ? ಶಾಲು ತಗೊ, ಬಂದರಿಗೆ ಹೋಗ್ಬರೋಣ."

ಅವನು ಬರೆಯುವುದಿಲ್ಲ ಎಂದಿದ್ದಾನಲ್ಲ ಎಂದೆ. ಅವನಿಗೂ ಇದಕ್ಕೂ ಸಂಬಂಧವಿಲ್ಲ, ಅವನು ಬರಲಿ ಬಿಡಲಿ, ಇವರಿಗೆ ಸುಳ್ಳು ಹೇಳಿ ಮೂರು ಮಕ್ಕಳ ಮುಂದೆ ಕೂರಲಾರೆ ಎಂದಳು.

ಚಡ್ಲೀ ಅವರು ಹಗ್ಗದ ಸುರುಳಿಯ ಮೇಲೆ ಕೂತು ಬ್ರೆಡ್ಡು ಚೀಸು ತಿನ್ನುತ್ತಿದ್ದರು. ನಮ್ಮನ್ನು ಕಂಡು ಎದ್ದು, ತಿನ್ನುತ್ತಿದ್ದುದನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಅಕ್ಕ ಸುತ್ತಿ ಬಳಸದೆ ಹೇಳಿದಳು. ನೀವು ಒಳ್ಳೆಯವರು, ನನ್ನಿಂದ ಆಗುವುದಿಲ್ಲ, ಕಾಯಿಸಿದ್ದಕ್ಕೆ ಕ್ಷಮಿಸಿ. ಅವರು ಬಗ್ಗಿ ಹಗ್ಗದ ಸುರುಳಿಯ ತುದಿಯನ್ನು ಒಳಗೆ ಸಿಕ್ಕಿಸಿದರು. ಅವರ ಹೆಗಲು ಇಳಿದದ್ದು ದುಃಖಕ್ಕೆ ಎಂದುಕೊಂಡೆ. ತಲೆ ಎತ್ತಿದಾಗ ಮುಖ ತೊಳೆದ ಹಾಗಿತ್ತು.

"ನಿಜ ಹೇಳ್ಲಾ ಟ್ಯಾಮ್ಸಿನ್ ಅವ್ರೇ? ನಾಲ್ಕು ದಿನದಿಂದ ನಂಗೆ ನಿದ್ದೆ ಬರ್ತಿಲ್ಲ. ನಮ್ಮಕ್ಕ ಕೇಳು ಕೇಳು ಅಂದ್ಲು, ಕೇಳ್ದೆ. ನೀವು ಹೂಂ ಅಂದ್ಬಿಟ್ರೆ ಊಟದ ಹೊತ್ನಲ್ಲಿ ಪುಸ್ತಕದ ಮಾತಾಡ್ಬೇಕಲ್ಲ, ಏನು ಮಾತಾಡ್ಲಿ ಅಂತ ಯೋಚನೆ ಹತ್ಬಿಟ್ಟಿತ್ತು."

ಆಮೇಲೆ ಅವರೇ ನಕ್ಕರು, ಅಕ್ಕನೂ ನಕ್ಕಳು. ಅವರು ನಮಗೆ ಒಂದು ಬುಟ್ಟಿ ಏಡಿ ಕೊಟ್ಟು ಕಳಿಸಿದರು. ಅದೇ ಬೇಸಿಗೆಯಲ್ಲಿ ಅವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸೂಸನ್‌ಳನ್ನು ಮದುವೆಯಾದರು. ಅದು ಅವರಕ್ಕನ ಹೊರತು ಊರಿಗೆಲ್ಲ ಮೊದಲೇ ಗೊತ್ತಿತ್ತು.

ಮನೆಗೆ ಬಂದು ಅಕ್ಕ ಅಪ್ಪನಿಗೆ ಹೇಳಿದಳು. ಅಪ್ಪ ಸರಿ ಎಂದರು, ಅಷ್ಟೇ. ಆದರೆ ಅಂಚೆ ಬರುವ ದಿನವಲ್ಲದಿದ್ದರೂ ಕಿಟಕಿಗೆ ಹೋಗಿ ನಿಂತರು. ಯಾರೂ ಕಾಗದ ಬರೆಯದೆ ಇರುವಾಗ ಇವರೇನು ಕಾಯುತ್ತಾರೆ ಎಂದು ನನಗೆ ಅನ್ನಿಸಿತು.

ಈಸ್ಟರ್ ಕಳೆದ ಮಂಗಳವಾರ ಕಾಗದ ಬಂತು. ನಾರ್ಥಂಬರ್ಲೆಂಡ್‌ನಿಂದಲೇ. ಬಾಗಿಲಲ್ಲಿ ಈಸಿಕೊಂಡವಳು ಪೆಗ್ಗಿ. ಅವಳಿಗೆ ಅಕ್ಷರ ಬಾರದಿದ್ದರೂ ಬಣ್ಣ ಗೊತ್ತಾಗುತ್ತಿತ್ತು. ಒಳಗೆ ಬಂದು ಅದನ್ನು ಮೇಜಿನ ಮೇಲಿಟ್ಟಳು. ಕಾಗದಕ್ಕೆ ಒತ್ತಿದ್ದ ಅರಗು ಕಪ್ಪು. ಕಪ್ಪು ಅರಗು ಸಾವಿನ ಮನೆಯಿಂದ ಬರುವಂಥದ್ದು. ಮೇಲಿನ ವಿಳಾಸವೂ ಜ್ಯಾಸ್ಪರ್‌ನ ಬರಹವಲ್ಲ. ನಡುಗುವ, ಮುದಿ ಕೈಯ ಅಕ್ಷರ.

ಅಕ್ಕ ಹಿಟ್ಟು ಕಲಸುತ್ತಿದ್ದಳು. ಎರಡೂ ಕೈ ಹಿಟ್ಟಾಗಿದ್ದವು. ಅವಳು ಅಲ್ಲಿಂದ ಕದಲಲಿಲ್ಲ. ಅಪ್ಪ ಶಾಲೆಯಿಂದ ಓಡಿಬಂದು ಕಾಗದ ಎತ್ತಿಕೊಂಡರು. ಅರಗನ್ನು ಒಮ್ಮೆ ನೋಡಿದರು, ಒಡೆಯಲಿಲ್ಲ. ನನ್ನ ಕೈಗೆ ಕೊಟ್ಟರು.

"ನೀನು ಓದು ಮಗು. ನಂಗೆ ಕಣ್ಣು ಕಾಣ್ತಿಲ್ಲ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ಒಡೆದೆ. ಸಾಲುಗಳನ್ನು ಓದುವ ಬದಲು ಒಂದೇ ಪದವನ್ನು ಹುಡುಕುತ್ತ ಕಣ್ಣು ಓಡಿಸಿದೆ. ಎರಡನೆಯ ಸಾಲಿನಲ್ಲೇ ಅದು ಸಿಕ್ಕಿತು: ತೀರಿಕೊಂಡರು. ಆಮೇಲೆ ಅದರ ಹಿಂದಿನ ಪದಗಳು ಕಂಡವು. ನಮ್ಮ ಹಿರಿಯ ಪಾದ್ರಿಗಳು. ಕಾಗದದೊಳಗಿನ ಈ ಬರಹ ಜ್ಯಾಸ್ಪರ್‌ನದೇ, ಉದ್ದನೆಯ, ಎಡಕ್ಕೆ ವಾಲಿದ ಅಕ್ಷರ.

"ಬದುಕಿದ್ದಾರೆ, ಅವರೇ ಬರ್ದಿರೋದು. ತೀರಿಕೊಂಡಿರೋದು ಅಲ್ಲಿನ ಹಿರೀ ಪಾದ್ರಿಗಳು," ಎಂದೆ.

ಅಕ್ಕ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಪೆಗ್ಗಿ ದೇವರೇ ದೇವರೇ ಎನ್ನುತ್ತ ಅವಳ ಪಕ್ಕ ಕೂತಳು. ಎಲ್ಲೋ ಒಬ್ಬ ಮುದುಕರು ಸತ್ತಿದ್ದರು, ನಾವು ನಾಲ್ಕು ಜನ ಅದಕ್ಕೆ ಸಂತೋಷಪಡುತ್ತಿದ್ದೆವು. ಅದು ಎಂಥ ನಾಚಿಕೆಗೇಡು ಎಂದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆ ಭಾನುವಾರ ಅಪ್ಪ ಆ ಪಾದ್ರಿಗಳ ಆತ್ಮಕ್ಕಾಗಿ ಚರ್ಚಿನಲ್ಲಿ ತುಂಬ ಹೊತ್ತು ಮೊಣಕಾಲೂರಿದ್ದರು.

ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ, ಪೂರ್ತಿ ಓದು ಎಂದರು. ನಾನು ಓದಿದೆ.

"ಪೂಜ್ಯರೇ, ತಮ್ಮ ಕಾಗದ ತಲುಪಿತು. ಅದೇ ದಿನ ನಮ್ಮ ಹಿರಿಯ ಪಾದ್ರಿಗಳು ತೀರಿಕೊಂಡರು, ಆದ್ದರಿಂದ ಉತ್ತರ ತಡವಾಯಿತು. ಆ ಜಮೀನ್ದಾರರು ಕಥೆಯವರಲ್ಲ ಎಂದು ತಾವು ಬರೆಯುವ ತನಕ ನನಗೆ ತಿಳಿಯಲಿಲ್ಲ. ಟ್ಯಾಮ್ಸಿನ್ ಅವರಿಗೆ ಕಾದಂಬರಿ ಸಾಕಾಗಿದೆ, ಮರ್ಯಾದೆಯಿಂದ ಮುಗಿಸುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಬೇಡವಾದದ್ದನ್ನು ಎಳೆಯಬಾರದೆಂದು ಕ್ಯಾಪ್ಟನ್‌ನನ್ನು ಕಳಿಸಿಬಿಟ್ಟೆ. ತಮ್ಮ ಮಾತಿನಂತೆ ಈಗ ಕ್ಯಾಪ್ಟನ್‌ನ ಬಾಯಿಂದ ಹೇಳುವುದಿಲ್ಲ. ತಮ್ಮ ಮಗಳನ್ನು ನಾನು ತಮ್ಮ ಮನೆಯಲ್ಲಿದ್ದಾಗಲೇ ಪ್ರೀತಿಸಿದ್ದೆ. ಆಗ ನನ್ನ ಬಳಿ ಏನೂ ಇರಲಿಲ್ಲ, ಈಗಲೂ ಹೆಚ್ಚೇನಿಲ್ಲ. ಅವರು ಆ ಮಹನೀಯರಿಗೆ ಮಾತು ಕೊಟ್ಟಾಗಿದ್ದರೆ ದಯವಿಟ್ಟು ಈ ಕಾಗದವನ್ನು ಒಲೆಗೆ ಹಾಕಿ. ಕೊಟ್ಟಿಲ್ಲದಿದ್ದರೆ, ನನಗಾಗಿ ಸ್ವಲ್ಪ ಕಾಲ ಕಾಯುವರೇ ಎಂದು ಕೇಳಿ."

ಕೆಳಗೆ ಮುದಿ ಕೈಯ ಅಕ್ಷರದಲ್ಲಿ ಎರಡು ಸಾಲಿತ್ತು. ಸತ್ತ ಪಾದ್ರಿಗಳ ಹೆಂಡತಿ ಬರೆದದ್ದು. ಶವಸಂಸ್ಕಾರಕ್ಕೆ ಕರೆ ಬಂದು ಲೈಡ್ ಕಾಗದವನ್ನು ಬಿಚ್ಚಿಟ್ಟೇ ಓಡಿದರು, ಮಡಿಸಿ ಕಳಿಸುತ್ತಿರುವವಳು ನಾನು, ಮನೆಯಲ್ಲಿ ಕಪ್ಪು ಅರಗು ಬಿಟ್ಟು ಬೇರೆ ಇಲ್ಲ, ಗಾಬರಿಯಾಗಬೇಡಿ.

ಅರಗಿನ ಒಳಗೆ ಬರೆದರೆ ಗಾಬರಿಯಾಗದೆ ಇರುತ್ತದೆಯೇ ಎಂದು ಪೆಗ್ಗಿ ಆ ಹೆಂಗಸನ್ನು ವರ್ಷಗಟ್ಟಲೆ ಬೈದಳು.

ಅಕ್ಕ ನೆಲದಿಂದಲೇ ಅಪ್ಪನನ್ನು ನೋಡುತ್ತಿದ್ದಳು. ಅವರಿಗೆ ನೀವು ಬರೆದಿರಾ ಎಂದು ಕೇಳಿದಳು. ಆ ಸುಂದರವಾದ ಕಾಗದ ಬಂದ ಮಾರನೆಯ ದಿನವೇ ಬರೆದೆ, ಉತ್ತರ ಬರದಿದ್ದರೆ ನಿನಗೆ ಎರಡನೆಯ ಸಲ ನೋವಾಗದಿರಲಿ ಎಂದು ಹೇಳಲಿಲ್ಲ ಎಂದರು. ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತೇ ಎಂದು ನಾನು ಕೇಳಿದೆ. ಅಪ್ಪನಿಗೆ ಸಿಟ್ಟೇ ಬಂತು.

"ನಲವತ್ತು ವರ್ಷ ಹುಡುಗ್ರ ತಪ್ಪು ತಿದ್ದಿದೋನು ನಾನು. ಯಾವ್ದು ತಪ್ಪು, ಯಾವ್ದು ಬೇಕಂತ್ಲೇ ಬರೆದಿದ್ದು ಅಂತ ಗೊತ್ತಾಗಲ್ವಾ? ಹಾಲಿನ ಕೆನೆ ಮೇಲೆ ಕಲೆ ಬಂದ ದಿನಾನೇ ಗೊತ್ತಾಯ್ತು."

ಅಕ್ಕ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಮೇಲೆ ಹೋಗಿ ಮಲಗಿದವಳು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು. ಮೂರು ವಾರದ ನಿದ್ದೆ. ಅಪ್ಪ ಶಾಲೆಯ ಹುಡುಗರಿಗೆ ಪಿಸುಮಾತಿನಲ್ಲಿ ಲ್ಯಾಟಿನ್ ಹೇಳಿಸಿದರು. ಸಂಜೆ ಎದ್ದು ಅವಳು ಬರೆದ ಉತ್ತರವನ್ನು ಅಪ್ಪ ಓದಲು ಕೇಳಲೂ ಇಲ್ಲ, ಅವಳು ತೋರಿಸಲೂ ಇಲ್ಲ. ನಿಶ್ಚಯವಾದವರ ಕಾಗದ ಅವರದೇ.

ಬಹಳ ಕಾಯಬೇಕಾಗಲಿಲ್ಲ. ಅಲ್ಲಿಗೆ ನೇಮಕವಾದ ಹೊಸ ಪಾದ್ರಿಗೆ ಆ ಚಳಿಯ ಹಳ್ಳಿ ಬೇಡವಾಗಿತ್ತು. ತಾವು ಬಾತ್ ಪಟ್ಟಣದಲ್ಲೇ ಇದ್ದುಕೊಂಡು, ಮನೆ, ತೋಟ, ಹಸು ಸಮೇತ ಜವಾಬ್ದಾರಿಯನ್ನೆಲ್ಲ ಜ್ಯಾಸ್ಪರ್‌ಗೆ ಬಿಟ್ಟರು. ಜೂನ್‌ನಲ್ಲಿ ಅವನು ಬಂದ. ಎಕ್ಸೆಟರ್‌ನಿಂದ ನಡೆದೇ ಬಂದಿದ್ದ. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಒಂದೂವರೆ ವರ್ಷ ಒಬ್ಬರಿಗೊಬ್ಬರು ಪುಟಗಟ್ಟಲೆ ಬರೆದವರು ಎದುರೆದುರು ನಿಂತರು.

"ದಾರೀಲಿ ತುಂಬ ಧೂಳು," ಎಂದ ಜ್ಯಾಸ್ಪರ್.

"ಹೌದು, ಮಳೆ ಬಂದಿಲ್ಲ," ಎಂದಳು ಅಕ್ಕ.

"ಇಷ್ಟು ಹೇಳಕ್ಕೆ ನಲವತ್ತೊಂಬತ್ತು ಕಾಗದ ಬೇಕಾಯ್ತಾ?" ಎಂದು ಪೆಗ್ಗಿ ಒಳಗೆ ಹೋದಳು. ಅಪ್ಪನೂ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ನದಿಯ ಕಡೆಯಿಂದ ಇಬ್ಬರೂ ನಗುವುದು ಕೇಳಿಸಿತು.

ಜುಲೈ ಮೊದಲ ವಾರ ಮದುವೆಯಾಯಿತು. ಚಡ್ಲೀ ಅವರು ಸೂಸನ್ ಮತ್ತು ಮೂರು ಮಕ್ಕಳೊಂದಿಗೆ ಬಂದು ಹೊಟ್ಟೆ ತುಂಬ ತಿಂದರು. ಮಾರನೆಯ ಬೆಳಿಗ್ಗೆ ನಾನೂ ಅಪ್ಪನೂ ಊರಾಚೆಯ ತಿರುವಿನ ತನಕ ಹೋಗಿ ಅವರಿಬ್ಬರನ್ನು ಗಾಡಿ ಹತ್ತಿಸಿದೆವು. ಅಕ್ಕ ಕಿಟಕಿಯಿಂದ ಕೈ ಬೀಸಿದಳು, ಗಾಡಿ ಮರೆಯಾಯಿತು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹಿಂದಿರುಗುವಾಗ ಅಪ್ಪ ನದಿಯ ದಂಡೆಯ ದಾರಿ ಹಿಡಿದರು. ಉಬ್ಬರ ಏರುತ್ತಿತ್ತು, ಗಾಳಿ ತಂಪಾಗಿತ್ತು. ಅರ್ಧ ದಾರಿಯಲ್ಲಿ ಅವರು ನಿಂತು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಮೇಷ್ಟರಾದವರು ನಾಲ್ಕು ಜನರ ಮುಂದೆ ತೆಗೆಯಬಾರದ ಆ ಭಾರದ ವಿಗ್ ಅನ್ನು ತಲೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಬೋಳು ತಲೆಗೆ ಗಾಳಿ ಬಡಿಯಿತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಮನೆಯ ಕಡೆ ನಡೆದರು.